ಮುನಿತಾಯಮ್ಮನ ನಾಲ್ಕು ಬೆರಳು

ಕೆಂಗೇರಿಯ ಬೀದಿ ನಲ್ಲಿಗೆ ನೀರು ಬರುವ ಮೊದಲೇ ಕೊಡಗಳನ್ನು ಸಾಲಿಗಿಡಬೇಕು. ಬಾಗಿಲು ಸಾರಿಸಿ ರಂಗೋಲಿ ಎಳೆಯಬೇಕು. ಬಚ್ಚಲೊಲೆಗೆ ಸೌದೆ ತುರುಕಬೇಕು. ಬಸ್ ಡಿಪೋದ ಮೊದಲ ಪಾಳಿಗೆ ಹೋಗುವ ಗಂಡ ಬೈರಯ್ಯನ ಡಬ್ಬಿಗೆ ಚಿತ್ರಾನ್ನ ಕಲಸಬೇಕು, ಅವನ ಜಿಡ್ಡಿನ ಅಂಗಿಯನ್ನು ಸೋಪಿನಲ್ಲಿ ನೆನೆಹಾಕಬೇಕು, ಅತ್ತೆ ಪಾಪಮ್ಮನ ಮಂಡಿಗೆ ಬಿಸಿ ಎಣ್ಣೆ ತಿಕ್ಕಬೇಕು, ಹಾಲಿನ ಬೂತಿಗೆ ಓಡಬೇಕು. ಮುನಿತಾಯಮ್ಮ ಇಷ್ಟನ್ನೂ ಮುಗಿಸಿದ ಮೇಲೆ ಕೆಂಗೇರಿಯಲ್ಲಿ ಬೆಳಗಾಗುತ್ತಿತ್ತು. ಎಂಬತ್ತಾರನೇ ಇಸವಿಯಲ್ಲೂ ಆ ಮನೆಯಲ್ಲಿ ಇದನ್ನು ಯಾರೂ ಕೆಲಸವೆಂದು ಕರೆಯುತ್ತಿರಲಿಲ್ಲ.

ಚಿಕ್ಕಂದಿನಿಂದ ಮಲ್ಲಿಗೆ ಕಟ್ಟಿ ಪಳಗಿದ ಬೆರಳುಗಳು ಅವಳವು. ಪಕ್ಕದ ಮನೆಯವರು ಸ್ವೆಟರ್ ಹೆಣೆದು ಮಿಗಿಸಿದ ಉಲ್ಲನ್ ಉಂಡೆಯೊಂದು ಕೈಗೆ ಸಿಕ್ಕಿದ್ದೇ ನೆಪ. ಎಡಗೈಯ ನಾಲ್ಕು ಬೆರಳಿಗೆ ದಾರವನ್ನು ಹಿಂದೆ ಮುಂದೆ ಸುತ್ತುವುದು, ಮತ್ತೊಂದು ಸುತ್ತು ಹಾಕುವುದು, ಕೆಳಗಿನ ಎಳೆಯನ್ನು ಎತ್ತಿ ಬೆರಳಿನಾಚೆ ದಾಟಿಸುವುದು. ಕೈಯ ಹಿಂಬದಿಯಿಂದ ದುಂಡನೆಯ ಹಗ್ಗ ಇಳಿಯತೊಡಗಿದಾಗ ಅವಳಿಗೆ ನಗುವೇ ಬಂದುಬಿಟ್ಟಿತ್ತು. ಆ ಹಗ್ಗ ಚೀಲದ ಹಿಡಿಯಾಯಿತು, ಹಾಲಿನ ಪಾತ್ರೆ ಬೆಕ್ಕಿಗೆ ಸಿಗದಂತೆ ತೂಗುವ ನೆಲುವಾಯಿತು, ಸುರುಳಿ ಸುತ್ತಿ ಹೊಲಿದಾಗ ಕೊಡದಡಿಯ ಸಿಂಬೆಯಾಯಿತು. ತೊಂದರೆ ಒಂದೇ. ಕುಣಿಕೆಗಳು ಬೆರಳಲ್ಲಿದ್ದಾಗ ಎಡಗೈ ಬೇರೆ ಯಾವುದಕ್ಕೂ ಬರುವುದಿಲ್ಲ. ಮನೆಯಲ್ಲಿ ಕೂಗು ನಿಲ್ಲುವುದಿಲ್ಲ. ಕೂಗಿದಾಗಲೆಲ್ಲ ನಾಲ್ಕು ಕುಣಿಕೆಗಳನ್ನೂ ಒಂದು ಪೊರಕೆಕಡ್ಡಿಗೆ ಜಾರಿಸಿಟ್ಟು ಎದ್ದು ಹೋಗುತ್ತಿದ್ದಳು.

ಒಂದು ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಅವಳ ಚೀಲದ ಹಿಡಿಯನ್ನು ಎಳೆದೆಳೆದು ನೋಡಿದರು. ವಿಜಯನಗರದ ಮಹಿಳಾ ಸಮಾಜದ ವಿಮಲಮ್ಮ.

"ಯಾವ ಅಂಗಡೀಲಿ ತಗೊಂಡ್ರಿ?"

"ಅಂಗಡೀದಲ್ಲ, ನಾನೇ ಹೆಣೆದಿದ್ದು."

"ಕಡ್ಡಿ ಎಷ್ಟನೇ ನಂಬರು?"

"ಕಡ್ಡಿ ಯಾಕ್ರೀ, ಬೆರಳಿಲ್ವಾ?"

ಇಳಿಯುವ ಹೊತ್ತಿಗೆ ವಿಮಲಮ್ಮ ಆಹ್ವಾನ ಕೊಟ್ಟೇಬಿಟ್ಟಿದ್ದರು. ಭಾನುವಾರ ಸಮಾಜದಲ್ಲಿ ಕೈಕೆಲಸದ ಪ್ರದರ್ಶನ. ಮುನಿತಾಯಮ್ಮ ಸಂಜೆಯವರೆಗೆ ಕೂತು, ಬಂದವರಿಗೆಲ್ಲ ಕಲಿಸಬೇಕು. ಮನೆವರೆಗೆ ಅವಳ ಕಾಲು ನೆಲದ ಮೇಲಿರಲಿಲ್ಲ. ಈವರೆಗೆ ಎಲ್ಲರೂ ಅವಳಿಂದ ಮಾಡಿಸಿಕೊಂಡಿದ್ದರು. ಕಲಿತವರು ಯಾರೂ ಇರಲಿಲ್ಲ.

"ಭಾನುವಾರ ಉಲ್ಲಾಳದಿಂದ ಅಕ್ಕ ಭಾವ ಊಟಕ್ಕೆ ಬರ್ತಾವ್ರೆ," ಅಂದ ಬೈರಯ್ಯ. "ಒಲೆ ಮುಂದೆ ನಾನು ಕೂತ್ಕೊಳ್ಳಾ?"

"ಕೂತ್ಕೊಂಡ್ರೆ ಬೇಡ ಅನ್ನೋರ್ಯಾರು?"

ಪಾಪಮ್ಮ ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಅವನು ನಗಲಿಲ್ಲ. ಕೊನೆಗೆ ಮಾತು ಇಷ್ಟಕ್ಕೆ ನಿಂತಿತು: ಬೆಳಿಗ್ಗೆ ಹೋಗಿ ಹನ್ನೊಂದರ ಬಸ್ಸಿಗೆ ವಾಪಸ್ಸು ಬರುವುದು. "ಆ ಬಸ್ ತಪ್ಸಿದ್ರೆ ಇನ್ಮೇಲೆ ಈ ದಾರದ ಸಹವಾಸ ಈ ಮನೇಲಿಲ್ಲ, ಕಣೇ."

ಶನಿವಾರ ಮಧ್ಯಾಹ್ನ ಎಡವಟ್ಟಾಯಿತು. ಪ್ರದರ್ಶನಕ್ಕೆಂದು ಹೆಣೆದ ಐದು ಬಣ್ಣದ ದೊಡ್ಡ ಸಿಂಬೆ ಅಡಿಗೆಮನೆಯಲ್ಲಿತ್ತು. ಮುದ್ದೆ ತಿರುವಿದ ಪಾತ್ರೆಯನ್ನು ಒಲೆಯಿಂದ ಇಳಿಸಿದವಳು, ಹುಲ್ಲಿನ ಸಿಂಬೆಯ ಮೇಲೆ ಇಡುವ ಅಭ್ಯಾಸದಲ್ಲೇ ಅದರ ಮೇಲಿಟ್ಟುಬಿಟ್ಟಳು. ಎತ್ತಿದರೆ ಸಿಂಬೆಯೂ ಪಾತ್ರೆಯ ಜೊತೆಗೇ ಎದ್ದು ಬಂತು. ಉಲ್ಲನ್ ಎಂದುಕೊಂಡಿದ್ದದ್ದು ಪ್ಲಾಸ್ಟಿಕ್ಕಿನ ಅಣ್ಣತಮ್ಮ. ಕರಗಿ, ತಳಕ್ಕೆ ಅಂಟಿ, ಮನೆಯೆಲ್ಲ ನಾತ.

"ಪ್ರದರ್ಶನ ಮುಗೀತಲ್ಲ," ಎಂದ ಬೈರಯ್ಯ, ಮುದ್ದೆ ಮುರಿಯುತ್ತ.

ಪಾಪಮ್ಮ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ತಮ್ಮ ಎರಡು ಹಳೆಯ ನೂಲಿನ ಸೀರೆಗಳಿದ್ದವು. ಅಂಚನ್ನು ಹಲ್ಲಿನಲ್ಲಿ ಕಚ್ಚಿ ಪರ್ರನೆ ಹರಿದರು. "ಇದು ಕರಗಲ್ಲ. ಬೆರಳಿಗೆ ಸುತ್ಕೋ. ರಾತ್ರಿ ಸಾರು ನಾನು ನೋಡ್ಕೋತೀನಿ."

ಪಟ್ಟಿಗಳನ್ನು ಒಂದಕ್ಕೊಂದು ಗಂಟು ಹಾಕಿ ಸುತ್ತತೊಡಗಿದಳು ಮುನಿತಾಯಮ್ಮ. ಹೆಬ್ಬೆರಳು ದಪ್ಪದ ಹಗ್ಗ ದಡದಡನೆ ಇಳಿಯಿತು. ದೀಪ ಹಚ್ಚುವ ಹೊತ್ತಿಗೆ ಹೊಸ ಸಿಂಬೆ ಸಿದ್ಧವಾಗಿತ್ತು. ಕುದಿಯುವ ನೀರಿನ ಪಾತ್ರೆಯನ್ನು ಬೇಕೆಂದೇ ಅದರ ಮೇಲಿಟ್ಟು ಅತ್ತೆ ಸೊಸೆ ಇಬ್ಬರೂ ಬಗ್ಗಿ ನೋಡಿದರು. ಏನೂ ಆಗಲಿಲ್ಲ.

ಭಾನುವಾರ ಸಮಾಜದ ಸಭಾಂಗಣದಲ್ಲಿ ಕಸೂತಿಯ ಮೇಜು, ಹಪ್ಪಳದ ಮೇಜು, ಗೊಂಬೆಯ ಮೇಜು. ಜನ ಮಾತ್ರ ಮುನಿತಾಯಮ್ಮನ ಚಾಪೆಯ ಸುತ್ತ. ಹಳೆ ಸೀರೆಯಿಂದ ಇಷ್ಟು ಗಟ್ಟಿ ಹಗ್ಗವೇ? ಕಡ್ಡಿಯೂ ಬೇಡ, ಯಂತ್ರವೂ ಬೇಡವೇ? ಬ್ಯಾಂಕಿನವಳು, ಹೂ ಮಾರುವವಳು, ಮೊಮ್ಮಗಳನ್ನು ಕರೆತಂದ ಅಜ್ಜಿ, ಎಲ್ಲರೂ ಎಡಗೈ ಚಾಚಿ ಕೂತರು.

"ಬಿಗಿ ಮಾಡ್ಬೇಡಿ, ಬೆರಳು ನೀಲಿಯಾಗತ್ತೆ. ಮದ್ವೆ ಉಂಗುರ ಅಲ್ಲ ಇದು, ಸಡಿಲ ಇರ್ಲಿ."

ಇಡೀ ಸಭಾಂಗಣವೇ ನಕ್ಕಿತು. ಅಜ್ಜಿಯ ಕೈ ಹಿಂದೆ ಮೊದಲ ಗೇಣು ಹಗ್ಗ ಇಳಿದಾಗ ಆಕೆ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು. ಹಿಂದೆ ಇನ್ನೂ ಜನ ಕಾಯುತ್ತಿದ್ದರು.

ಗೋಡೆಯ ಗಡಿಯಾರ ಹನ್ನೊಂದಕ್ಕೆ ಹತ್ತಿರವಾಯಿತು. ನೀರು ಕುಡಿಯುವ ನೆಪದಲ್ಲಿ ಮುನಿತಾಯಮ್ಮ ಎದ್ದು ಕಿಟಕಿಯ ಬಳಿ ನಿಂತಳು. ಕೆಂಗೇರಿಯ ಬಸ್ಸು ಸ್ಟಾಪಿನಲ್ಲಿತ್ತು. ಮೆಟ್ಟಿಲಿಳಿದು ಓಡಿದರೆ ಸಿಗುತ್ತಿತ್ತು. ಉಲ್ಲಾಳದ ಅತ್ತಿಗೆಯ ಮೂತಿ, ಬೈರಯ್ಯನ ಮಾತು, ಹೊತ್ತಿಸದ ಒಲೆ ಎಲ್ಲವೂ ಕಣ್ಣ ಮುಂದೆ ಬಂದವು. ಸಂಜೆ ಇದಕ್ಕೆಲ್ಲ ಜವಾಬು ಕೊಡಬೇಕಾಗುತ್ತದೆ. ಕೊಟ್ಟರಾಯಿತು. ಅವಳನ್ನು ಯಾರೂ ತಡೆದಿರಲಿಲ್ಲ, ಇರು ಎಂದೂ ಹೇಳಿರಲಿಲ್ಲ. ಇಂಥ ಬಸ್ಸೊಂದಿದೆ ಎಂದು ಅಲ್ಲಿದ್ದವರಿಗೆ ಗೊತ್ತೂ ಇರಲಿಲ್ಲ.

ಕಂಡಕ್ಟರ್ ಸೀಟಿ ಊದಿದ. ಮುನಿತಾಯಮ್ಮ ಚಾಪೆಗೆ ಬಂದು, ಕಿಟಕಿಗೆ ಬೆನ್ನು ಹಾಕಿ, ಚಕ್ಕಳಮಕ್ಕಳ ಹಾಕಿಕೊಂಡು ಕೂತಳು.

"ಹೂಂ, ಮುಂದಿನೋರು ಎಡಗೈ ಚಾಚಿ."