ಹೂಂ ಎನ್ನುವವರಿಲ್ಲದ ಲಾಂಚು

ಆ ಲಾಂಚಿನಲ್ಲಿ ಒಂದು ಪದ್ಧತಿಯಿತ್ತು. ನದಿಯ ಬೇರೆ ಯಾವ ಲಾಂಚಿನಲ್ಲೂ ಅದು ಇರಲಿಲ್ಲ. ಮೇಲಿನ ಚುಕ್ಕಾಣಿ ಕೋಣೆಯಿಂದ ಕೆಳಗಿನ ಇಂಜಿನ್ ಕೋಣೆಗೆ ಒಂದು ಹಿತ್ತಾಳೆ ಕೊಳವೆ ಇಳಿದುಹೋಗಿತ್ತು. ಫೋನಿಲ್ಲ, ಬಟನ್ನಿಲ್ಲ, ಆ ಕೊಳವೆಗೆ ಬಾಯಿಟ್ಟು ಕೂಗಬೇಕು, ಕೆಳಗಿನವರು ಕಿವಿಯಿಟ್ಟು ಕೇಳಬೇಕು, ಅಷ್ಟೇ! ಜೆಟ್ಟಿ ಹತ್ತಿರವಾದಾಗ ಕ್ಯಾಪ್ಟನ್ನರ ಕೈಕೆಳಗಿನ ಮೇಟ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ದೂರ ಅಂದಾಜು ಮಾಡಿ, "ನಿಧಾನ ಹಿಂದಕ್ಕೆ" ಎಂದು ಕೊಳವೆಗೆ ಹೇಳಬೇಕು. ಚುಕ್ಕಾಣಿ ಹಿಡಿದ ಕ್ಯಾಪ್ಟನ್ ತಾವೂ ಒಮ್ಮೆ ಕಣ್ಣಾಡಿಸಿ, ಕೊಳವೆಯ ಕಡೆ ಬಗ್ಗಿ, "ಹೂಂ" ಎನ್ನಬೇಕು. ಆ ಹೂಂ ಕಿವಿಗೆ ಬಿದ್ದ ಮೇಲೆಯೇ ಕೆಳಗಿನ ಇಂಜಿನ್ ಮಾವ ಗೇರ್ ಎಳೆಯುವುದು. ಹೂಂ ಬರದಿದ್ದರೆ ಆಕಾಶವೇ ಕಳಚಿ ಬಿದ್ದರೂ ಎಳೆಯುವುದಿಲ್ಲ.

ಅದೇನು ಸಾಮಾನ್ಯ ಹೂಂ ಅಂದುಕೊಂಡಿರಾ! ಬೆಳಗಿನ ಮೊದಲ ಟ್ರಿಪ್ಪಿನದು ಇನ್ನೂ ನಿದ್ದೆ ಬಿಡದ ಹೂಂ, ಮಧ್ಯಾಹ್ನದ್ದು ಹಸಿದ ಹೂಂ, ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಮೂಗಿನಲ್ಲೇ ಹುಟ್ಟಿ ಮೂಗಿನಲ್ಲೇ ಮುಗಿಯುವ ಗಿಡ್ಡ ಹೂಂ. ಅಂಥ ದಿನ ಇಂಜಿನ್ ಮಾವ ಕೆಳಗಿನಿಂದಲೇ ಹವಾಮಾನ ವರದಿ ಕೊಡುತ್ತಿದ್ದರು: "ಇವತ್ತು ಮನೇಲಿ ಗುಡುಗಿದೆ ಕಣಮ್ಮ, ಹುಷಾರು."

"ಇಂಜಿನ್ ನೋಡ್ಕೊಳ್ಳಯ್ಯಾ, ನನ್ನ ಸಂಸಾರ ನಾನು ನೋಡ್ಕೋತೀನಿ!" ಎಂದು ಕ್ಯಾಪ್ಟನ್ ಕೊಳವೆಯೊಳಗೆ ಗದರುತ್ತಿದ್ದರು. ನಡುವೆ ನಿಂತ ಮೇಟಕ್ಕ ನಗು ತಡೆಯಲಾರದೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು.

ಮೇಟ್ ಆದ ಮೇಲೆ ಊರೇ ಅವಳನ್ನು ಮೇಟಕ್ಕ ಎಂದು ಕರೆಯತೊಡಗಿತ್ತು. ಅದಕ್ಕೂ ಮೊದಲು ಅವಳು ಅದೇ ಲಾಂಚಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹುಡುಗಿ. ಟಿಕೆಟ್ ಮುಗಿದರೆ ಸಾಕು, ಮೆಟ್ಟಿಲ ಮೇಲೆ ನಿಂತು ಚುಕ್ಕಾಣಿಯನ್ನೇ ನೋಡುತ್ತಿದ್ದಳು. ಒಂದು ದಿನ ಕ್ಯಾಪ್ಟನ್ ಹಿಂತಿರುಗಿ ನೋಡದೆಯೇ, "ಎಷ್ಟು ದಿನ ಕಣ್ಣಲ್ಲೇ ತಿರುಗಿಸ್ತೀಯ? ಬಾ, ಕೈಯಲ್ಲಿ ತಿರುಗಿಸು" ಎಂದುಬಿಟ್ಟರು. ಅವಳ ಕೈಯಲ್ಲಿ ಲಾಂಚು ಸೊಟ್ಟಂಬಟ್ಟ ಹೋಗಿ ಜೆಟ್ಟಿಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಾಗ, ಅವರು ಕಿಟಕಿಯಿಂದ ಬಗ್ಗಿ ಹೇಳಿದ್ದು ಒಂದೇ ಮಾತು: "ನಗೋರು ಈಜ್ಕೊಂಡು ಬನ್ನಿ!" ಅವತ್ತಿನಿಂದ ಅವಳು ಕಲಿತಳು, ಪರೀಕ್ಷೆ ಬರೆದಳು, ಒಮ್ಮೆ ಫೇಲಾದಳು, ಬೈಸಿಕೊಂಡಳು, ಮತ್ತೆ ಬರೆದು ಲೈಸೆನ್ಸ್ ಪಡೆದಳು. ಆ ಕಿಟಕಿ ಅವಳದಾಯಿತು. ಮದುವೆ, ಮಕ್ಕಳು ಅಂತ ಉಳಿದವರು ಎಲ್ಲೆಲ್ಲಿಗೋ ಹೋದರು, ಅವಳು ಈ ದಡ ಆ ದಡ ಓಡಾಡಿಕೊಂಡೇ ನಲವತ್ತು ದಾಟಿದಳು.

ಕ್ಯಾಪ್ಟನ್ ತೀರಿಕೊಂಡದ್ದು ರಜೆಯ ದಿನ, ಮನೆಯ ಹೊಸ್ತಿಲಲ್ಲಿ ಕುಳಿತು ಶೂ ಪಾಲಿಶ್ ಮಾಡುತ್ತಾ. ಒಂದು ಶೂ ಹೊಳೆಯುತ್ತಿತ್ತಂತೆ, ಇನ್ನೊಂದರ ಮೇಲೆ ಬ್ರಷ್ ಹಾಗೇ ನಿಂತಿತ್ತಂತೆ. ಮರುದಿನ ಬೆಳಿಗ್ಗೆ ಆಫೀಸಿನವರು ಜೆಟ್ಟಿಗೆ ಫೋನ್ ಮಾಡಿ, "ಇವತ್ತು ಸರ್ವೀಸ್ ನಿಲ್ಸಿ, ಮೂವರೂ ಅವರ ಮನೆಗೆ ಹೋಗ್ಬನ್ನಿ" ಎಂದರು.

"ಜನ ಕಾಯ್ತಿದಾರೆ ಸರ್" ಎಂದಳು ಮೇಟಕ್ಕ.

ಅಷ್ಟೇ! ಲಾಂಚು ಕಟ್ಟಿ ಬಿಚ್ಚುವ ಹಗ್ಗದಣ್ಣ ಹಗ್ಗ ಬಿಚ್ಚಿದ. ಇಂಜಿನ್ ಮಾವ ಇಂಜಿನ್ ಶುರು ಮಾಡಿದರು. ಮೂವರಲ್ಲಿ ಒಬ್ಬರೂ ಇನ್ನೊಬ್ಬರ ಮುಖ ನೋಡಲಿಲ್ಲ. ಕ್ಯಾಪ್ಟನ್ನರ ಮನೆಗೆ ಹೋಗುವ ರಸ್ತೆ ಆಚೆ ದಡದ ಜೆಟ್ಟಿಯಿಂದಲೇ ಶುರುವಾಗುತ್ತದೆ, ಹತ್ತು ಹೆಜ್ಜೆ ಏರಿ ಎಡಕ್ಕೆ ತಿರುಗಿದರೆ ಆಯಿತು. ಆ ದಿನವಿಡೀ ಲಾಂಚು ಆ ಜೆಟ್ಟಿಯನ್ನು ಮುಟ್ಟಿತು, ಅವರ ಮನೆಗೆ ಹೊರಟವರನ್ನೆಲ್ಲ ಇಳಿಸಿತು, ವಾಪಸ್ ಬಂತು, ಮತ್ತೆ ಮುಟ್ಟಿತು. ಮೂವರೂ ಇಳಿಯಲಿಲ್ಲ.

ಆಮೇಲೆ ನೋಡಬೇಕಿತ್ತು ಲಾಂಚಿನ ಗತ್ತನ್ನು! ಗಡಿಯಾರದ ಮುಳ್ಳು ನೋಡಿ ಹೊರಡುವುದೇನು, ಬರುವುದೇನು! "ಇಳಿಯೋರು ಇಳೀರಿ, ಇಲ್ಲೇ ಇರೋರು ಬಾಡಿಗೆ ಕಟ್ಟಿ!" ಎಂದು ಕೂಗುತ್ತಿದ್ದ ಹಗ್ಗದಣ್ಣ ಈಗ ಬಾಯಿಗೆ ಬೀಗ ಹಾಕಿಕೊಂಡು ಕಂಬಿಗಳನ್ನು ತಿಕ್ಕಿದ್ದೇ ತಿಕ್ಕಿದ್ದು, ಹಿಡಿದರೆ ಕೈ ಜಾರುವಷ್ಟು. ಇಂಜಿನ್ ಮಾವ ಕಂಡಕಂಡ ನಟ್ಟಿಗೆಲ್ಲ ಗ್ರೀಸ್ ಬಳಿದರು. ಮೇಟಕ್ಕ ಚುಕ್ಕಾಣಿ, ಕಿಟಕಿ ಎರಡನ್ನೂ ಒಬ್ಬಳೇ ನೋಡಿಕೊಂಡಳು. ಚುಕ್ಕಾಣಿಯ ಹಿಂದೆ ಕ್ಯಾಪ್ಟನ್ನರ ಮರದ ಸ್ಟೂಲು, ಅದರ ಮೇಲೆ ಅವರ ಭಾರಕ್ಕೆ ಒಂದು ಕಡೆ ಚಪ್ಪಟೆಯಾದ ದಿಂಬು. ಸಂಜೆಯ ಹೊತ್ತಿಗೆ ಕಾಲು ಬಾತು ಚಪ್ಪಲಿ ಬಿಗಿಯಾದರೂ ಅವಳು ಅದರ ಮೇಲೆ ಕೂರಲಿಲ್ಲ. "ಈಗೀಗ ಏನ್ ಟೈಮಿಂಗ್ ರೀ ನಿಮ್ದು, ಸೂಪರ್!" ಎಂದು ಪ್ರಯಾಣಿಕರೊಬ್ಬರು ಹೊಗಳಿದ ದಿನ ಅವಳಿಗೆ ಊಟ ಸೇರಲಿಲ್ಲ.

ಎಲ್ಲಕ್ಕಿಂತ ಚುಚ್ಚಿದ್ದು ಒಂದು ಮಾತು. "ಕಣಮ್ಮ" ಎನ್ನುತ್ತಿದ್ದ ಇಂಜಿನ್ ಮಾವ ಈಗ "ಮೇಡಂ" ಎನ್ನತೊಡಗಿದ್ದರು.

ನದಿ ಶಾಂತವಾಗಿದ್ದಾಗ ಗೇರ್ ಒಂದು ಕ್ಷಣ ತಡವಾಗಿ ಬಿದ್ದರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ನದಿಯಲ್ಲಿ ಸೆಳೆತ ಜೋರಾಗಿತ್ತು. ಮೇಟಕ್ಕ ಸರಿಯಾದ ಹೊತ್ತಿಗೇ "ನಿಧಾನ ಹಿಂದಕ್ಕೆ" ಎಂದಳು. ಇಂಜಿನ್ನಿನ ಸದ್ದು ಬದಲಾಗಲಿಲ್ಲ. ಜೆಟ್ಟಿ ದೊಡ್ಡದಾಗುತ್ತಾ ಬಂತು. ಅವಳು ಸುಮ್ಮನೆ ನಿಂತಿದ್ದಳು. ಧಡ್! ಜೆಟ್ಟಿಗೆ ಕಟ್ಟಿದ ಟೈರುಗಳು ಅಪ್ಪಚ್ಚಿಯಾದವು, ಒಬ್ಬರ ಕೈಚೀಲದಿಂದ ಕಿತ್ತಳೆ ಹಣ್ಣುಗಳೆಲ್ಲ ಉರುಳಿದವು.

"ಯಾಕೆ ತಡ ಆಯ್ತು?" ಅವಳು ಕೊಳವೆಗೆ ಕೇಳಿದಳು.

"ಗೇರ್ ಬಿಗಿ ಇದೆ ಮೇಡಂ."

"ರಿಪೇರಿ ಮಾಡಿಸಿ."

"ಆಗ್ಲಿ ಮೇಡಂ."

ಆಫೀಸಿನವರು ಕೇಳಿದಾಗ ಅವಳು ಮಾವನ ಹೆಸರೆತ್ತದೆ, "ಸೆಳೆತ ಜಾಸ್ತಿ ಇತ್ತು" ಎಂದಳು. ಮುಂದಿನ ವಾರ ಮತ್ತೊಂದು ಧಡ್. ಈ ಸಲ ಆಫೀಸಿನವರು ಸೆಳೆತದ ಕಥೆ ಕೇಳುವ ಮೂಡಿನಲ್ಲಿರಲಿಲ್ಲ. "ಪರೀಕ್ಷಕರು ಬರ್ತಾರೆ. ಅವರು ಒಪ್ಪಿದ್ರೆ ಲಾಂಚು ನಿಮ್ಮ ಕೈಗೆ. ಇಲ್ಲಾಂದ್ರೆ ಹೊಸ ಕ್ಯಾಪ್ಟನ್ ಬರ್ತಾರೆ, ಅವರ ಜನಾನೇ ಕರ್ಕೊಂಡು ಬರ್ತಾರೆ. ನಿಮ್ಮನ್ನ ಬೇರೆ ಬೇರೆ ಕಡೆ ಹಾಕ್ತೀವಿ."

ಅಂದರೆ ಇಂಜಿನ್ ಮಾವನಿಗೆ ವಯಸ್ಸಿನ ನೆಪದಲ್ಲಿ ಮನೆಯ ದಾರಿ, ಹಗ್ಗದಣ್ಣನಿಗೆ ಇನ್ಯಾವುದೋ ದೋಣಿ. ಮತ್ತೆ ಆ ಸ್ಟೂಲಿನ ಮೇಲೆ ಯಾರೋ ಬಂದು ಧೊಪ್ಪೆಂದು ಕೂರುತ್ತಾರೆ! 

ಅವಳಿದ್ದದ್ದು ತಂಗಿಯ ಟೈಲರಿಂಗ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ. ಆ ಸಂಜೆ ತಂಗಿ ಮಿಷಿನ್ ತುಳಿಯುವುದನ್ನು ನಿಲ್ಲಿಸಿ, ಬಾಯಲ್ಲಿದ್ದ ದಾರ ಕಡಿದು, ಅಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯೂನಿಫಾರ್ಮಿಗೆ ಇಸ್ತ್ರಿ ನೋಡು, ಬೆರಳು ಇಟ್ರೆ ಕುಯ್ಯುತ್ತೆ. ಒಂದ್ಸಲ ಅತ್ತುಬಿಡೇ ಮಾರಾಯ್ತಿ."

"ನಾಳೆ ಡ್ಯೂಟಿ ಇದೆ."

"ಅಳೋಕೂ ರಜೆ ಹಾಕ್ಬೇಕಾ ನಿಮ್ಮಲ್ಲಿ?"

ಮೇಟಕ್ಕ ಮೆಟ್ಟಿಲು ಹತ್ತಿದಳು. ಮೇಲೆ ಕುರ್ಚಿಯ ಮೇಲೆ ನಾಳೆಯ ಬಟ್ಟೆ ಮಡಿಸಿಟ್ಟಿತ್ತು. ಮಾಡಲು ಇನ್ನೇನೂ ಉಳಿದಿರಲಿಲ್ಲ. ಅವಳು ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದಳು.

ಪರೀಕ್ಷೆಯ ಹಿಂದಿನ ದಿನ ಅವಳು ಇಂಜಿನ್ ಕೋಣೆಗೆ ಇಳಿದಳು. ಮಾವ ಟೀ ತರಲು ಹೋಗಿದ್ದರು. ಗೇರಿಗೆ ಕೈ ಹಾಕಿ ಎಳೆದಳು. ಬೆಣ್ಣೆ! ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬಂತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಬಿಗಿಯೂ ಇಲ್ಲ, ಮಣ್ಣೂ ಇಲ್ಲ.

ಬಾಗಿಲಲ್ಲಿ ಮಾವ ಎರಡು ಲೋಟ ಹಿಡಿದು ನಿಂತಿದ್ದರು.

"ಬಿಗಿ ಇದೆ ಅಂದ್ರಲ್ಲ?" ಅವಳೆಂದಳು.

ಅವರು ಲೋಟಗಳನ್ನು ಕೆಳಗಿಟ್ಟು ಬಟ್ಟೆಯಿಂದ ಕೈ ಒರೆಸಿಕೊಂಡರು, ಒರೆಸಿದ್ದನ್ನೇ ಒರೆಸಿದರು. "ನೀವು ಆಫೀಸಿಗೆ ಸೆಳೆತ ಅಂದ್ರಲ್ಲ ಮೇಡಂ. ನನ್ನ ಇಂಜಿನ್ ಹಿಂದಕ್ಕೆ ತಿರುಗಲಿಲ್ಲ ಅಂತ ಮೇಲೆ ನಿಮಗೆ ಕೇಳಿಸ್ತಿತ್ತು ತಾನೇ? ಎರಡನೇ ಸಲ ಯಾಕೆ ಕೂಗ್ಲಿಲ್ಲ?"

 ಹೌದಲ್ಲ, ಯಾಕೆ ಕೂಗಲಿಲ್ಲ? ಜೆಟ್ಟಿ ಮೈಮೇಲೆ ಬರುತ್ತಿದ್ದರೂ ಅವಳು ಏನನ್ನು ಕೇಳಿಸಿಕೊಳ್ಳಲು ಕಾಯುತ್ತಿದ್ದಳು?  

"ನಾಳೆ ತಡ ಆಗಬಾರದು" ಎಂದು ಹೇಳಿ ಮೇಲಕ್ಕೆ ಹತ್ತಿಬಿಟ್ಟಳು. ಟೀ ಹಾಗೇ ಉಳಿಯಿತು.

ಪರೀಕ್ಷಕರು ಸಣಕಲು ಮನುಷ್ಯ, ಮುಖದಲ್ಲಿ ನಗುವಿನ ಪಸೆಯೂ ಇಲ್ಲ. ಚುಕ್ಕಾಣಿ ಕೋಣೆಗೆ ಬಂದವರೇ ಸೀದಾ ಸ್ಟೂಲಿನ ಕಡೆ ಹೊರಟರು.

"ಅದರ ಮೇಲೆ ಬೇಡ ಸರ್!"

ಅವಳ ದನಿ ಅವಳಿಗೇ ಜೋರೆನಿಸಿತು. ಪರೀಕ್ಷಕರು ಹುಬ್ಬೇರಿಸಿದರು.

"ಕಾಲು... ಮುರಿದಿದೆ."

ಅವರು ಬಗ್ಗಿ ಸ್ಟೂಲಿನ ನಾಲ್ಕು ಗಟ್ಟಿ ಕಾಲುಗಳನ್ನು ನೋಡಿದರು. ಗೋಡೆಗೆ ಒರಗಿ ನಿಂತರು.

ನದಿಯ ನಡುವಿನವರೆಗೆ ಎಲ್ಲ ಸಲೀಸಾಗಿತ್ತು. ಆಚೆ ದಡ ಹತ್ತಿರವಾದಂತೆ ಸೆಳೆತ ಲಾಂಚನ್ನು ಪಕ್ಕಕ್ಕೆ ಜಗ್ಗತೊಡಗಿತು. ಕಟ್ಟೆಯ ಮೇಲೆ ಎಡಕ್ಕೆ ತಿರುಗುವ ಆ ರಸ್ತೆ ಕಾಣಿಸಿತು. ಅವಳು ಕೊಳವೆಗೆ ಬಾಯಿಟ್ಟಳು.

"ನಿಧಾನ ಹಿಂದಕ್ಕೆ."

ಕೊಳವೆ ಸೈಲೆಂಟ್. ಕೆಳಗೆ ಗೇರಿನ ಮೇಲೆ ಕೈಯಿಟ್ಟು ಮಾವ ನಿಂತಿರುವುದು ಅವಳಿಗೆ ನೋಡಿದಷ್ಟೇ ಸ್ಪಷ್ಟವಾಗಿ ಗೊತ್ತಿತ್ತು. ಅವರು ಕಾಯುತ್ತಿದ್ದರು. ಇವಳೂ ಕಾಯುತ್ತಿದ್ದಳು. ಇಬ್ಬರೂ ಒಂದೇ ಕೊಳವೆಯ ಎರಡು ತುದಿಗೆ ಕಿವಿಗೊಟ್ಟು, ಶೂ ಪಾಲಿಶ್ ಮಾಡುತ್ತಾ ಹೋಗಿಬಿಟ್ಟ ಒಬ್ಬರ ದನಿಗಾಗಿ!

"ಇಂಜಿನ್ ಏನಾಯ್ತು?" ಪರೀಕ್ಷಕರು ಗೋಡೆ ಬಿಟ್ಟು ಮುಂದೆ ಬಂದರು. ಕೆಳಗೆ ಹಗ್ಗದಣ್ಣ, "ಅಕ್ಕಾ! ಅಕ್ಕಾ!" ಎಂದು ಕೂಗುತ್ತಿದ್ದ.

ಮೇಟಕ್ಕ ಬಗ್ಗಿದಳು. ಕ್ಯಾಪ್ಟನ್ ಬಗ್ಗುತ್ತಿದ್ದ ಕಡೆಯಿಂದಲೇ ಬಗ್ಗಿದಳು.

"ಹೂಂ."

ಒಡೆದ ದನಿ, ಅರ್ಧಕ್ಕೇ ನಿಂತುಹೋಯಿತು. ಆದರೆ ಅದು ಮುಗಿಯುವ ಮೊದಲೇ ಗೇರ್ ಬಿತ್ತು, ಲಾಂಚಿನ ಮೈ ನಡುಗಿತು, ಹಿಂಬದಿಯ ನೀರು ನೊರೆಯಾಯಿತು. ಲಾಂಚು ಟೈರುಗಳಿಗೆ ಬಡಿಯಿತು, ಹೌದು. ಆದರೆ ಯಾರೂ ಬೀಳಲಿಲ್ಲ.

"ಏನದು ಹೂಂ?" ಪರೀಕ್ಷಕರು ಕೇಳಿದರು.

ಸೆಳೆತ ಎನ್ನಬಹುದಿತ್ತು. ಗೇರ್ ಬಿಗಿ ಎನ್ನಬಹುದಿತ್ತು. ಕೊಳವೆಯ ಮುಚ್ಚಳ ತೆರೆದೇ ಇತ್ತು, ಕೆಳಗೆ ಮಾವನಿಗೆ ಎಲ್ಲ ಕೇಳುತ್ತಿತ್ತು.

"ನಾವು ಇನ್ನೂ ನಮ್ಮ ಕ್ಯಾಪ್ಟನ್ ಹೂಂ ಅನ್ಲಿ ಅಂತ ಕಾಯ್ತಿದೀವಿ ಸರ್" ಎಂದಳು. "ಇಂಜಿನ್ ಸರಿ ಇದೆ. ನಾವು ಸರಿ ಇಲ್ಲ."

ಪರೀಕ್ಷಕರು ನದಿಯನ್ನು ನೋಡಿದರು. ಸ್ಟೂಲನ್ನೂ ಒಮ್ಮೆ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಇನ್ನೊಂದು ಟ್ರಿಪ್ ಹೋಗೋಣ. ಹೊರಡೋ ಮುಂಚೆ ಹೂಂ ಯಾರು ಅಂತಾರೆ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ" ಎಂದರು.

ಅವಳು ಕೊಳವೆಗೆ ಬಗ್ಗಿದಳು. "ಮಾವಾ, ಇನ್ಮೇಲೆ ಹೇಳೋದು ನಾನು. ಹೂಂ ಅನ್ನೋದು ನೀವು. ಹೂಂ ಅಂದು ಗೇರ್ ಎಳೀರಿ. ಆಗುತ್ತಾ?"

ಕೆಳಗಿನಿಂದ ಮೊದಲು ಬರೀ ಇಂಜಿನ್ನಿನ ಸದ್ದು. ಆಮೇಲೆ, "ಆಗಬೇಕಲ್ಲ ಕಣಮ್ಮ."

ಕಣಮ್ಮ! ಅವಳು ಚುಕ್ಕಾಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಹೋದರು, ಬಂದರು. "ನಿಧಾನ ಹಿಂದಕ್ಕೆ" ಎಂದಳು. "ಹೂಂ" ಎಂದಿತು ಕೊಳವೆ, ಮುದಿ ಗಂಟಲಿನ ಗೊಗ್ಗರು ಹೂಂ, ಯಾರ ಹೂಂಗೂ ಸರಿಸಾಟಿಯಾಗದ ಹೂಂ. ಲಾಂಚು ಟೈರುಗಳಿಗೆ ಕೆನ್ನೆ ತಾಗಿಸಿದ ಹಾಗೆ ಹೋಗಿ ನಿಂತಿತು. ಇಂಜಿನ್ ನಿಂತ ಮೇಲೂ ಕೊಳವೆಯಿಂದ ಏನೋ ಸದ್ದು ಬರುತ್ತಲೇ ಇತ್ತು. ಮಾವ ಅಳುತ್ತಿದ್ದರು, ಮುಚ್ಚಿಡಲು ಗೊತ್ತಾಗದ ಮಗುವಿನ ಹಾಗೆ. ಅವಳು ಮುಚ್ಚಳ ಹಾಕಲಿಲ್ಲ. ತನ್ನ ಮೂಗನ್ನು ಇಸ್ತ್ರಿ ಮಾಡಿದ ತೋಳಿಗೇ ಒರೆಸಿಕೊಂಡಳು.

ಪರೀಕ್ಷಕರು ಜೆಟ್ಟಿಗೆ ಇಳಿದು, ಕಂಬಿ ಹಿಡಿಯಹೋಗಿ ಕೈ ಜಾರಿ, ಹಗ್ಗದಣ್ಣನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಮೇಲಿನ ಕಿಟಕಿಯ ಕಡೆ ತಲೆಯೆತ್ತಿದರು.

"ಕಂಬಿಗೆ ಇಷ್ಟು ಪಾಲಿಶ್ ಬೇಡ, ಯಾರಾದ್ರೂ ಬೀಳ್ತಾರೆ. ಹೇಳಿ ಇವರಿಗೆ, ಕ್ಯಾಪ್ಟನ್!"

ಮೇಟಕ್ಕ ಥಟ್ಟನೆ ಹಿಂದಕ್ಕೆ ತಿರುಗಿ ನೋಡಿದಳು.

ಸ್ಟೂಲಿನ ಮೇಲೆ ದಿಂಬು ಮಾತ್ರ ಇತ್ತು, ಒಂದು ಕಡೆ ಚಪ್ಪಟೆಯಾಗಿ. ಕೆಳಗೆ ಜನ ಆಗಲೇ ಹತ್ತುತ್ತಿದ್ದರು. ಅವಳು ಮತ್ತೆ ಕಿಟಕಿಗೆ ತಿರುಗಿ, ಯಾರದೋ ಪರವಾಗಿ ಉತ್ತರ ಕೊಡುವವಳಂತೆ ಮೆಲ್ಲಗೆ, "ಹೇಳ್ತೀನಿ ಸರ್" ಎಂದಳು.