‘ಕೊಡು’ ಅನ್ನಬಾರದ ಅಂಗಳ

ನಮ್ಮ ಬ್ಯಾಸ್ಕೆಟ್‌ಬಾಲ್ ಅಂಗಳದಲ್ಲಿ ‘ಕೊಡು’ ಅನ್ನುವ ಮಾತಿಗೆ ಜಾಗವಿರಲಿಲ್ಲ. ಚೆಂಡು ಬೇಕಾದವರು ಬಾಯಿ ಬಿಡಬಾರದು, ಖಾಲಿ ಜಾಗಕ್ಕೆ ಓಡಿ ನಿಲ್ಲಬೇಕು. ಚೆಂಡು ಕೈಯಲ್ಲಿದ್ದವರು ಅದನ್ನು ಕಂಡು ‘ತಗೋ’ ಎಂದು ಎಸೆಯಬೇಕು. ರಾಜಾಜಿನಗರದ ಆ ಕಾಲೇಜಿನಲ್ಲಿ ಮೂವತ್ತು ವರ್ಷ ಕೋಚ್ ಆಗಿದ್ದ ನಮ್ಮ ಸಾರ್ ಮಾಡಿದ ಕಟ್ಟಳೆ ಇದು. ಯಾರಾದರೂ ಮರೆತು ಕೇಳಿದರೆ ಆಟ ನಿಲ್ಲಿಸಿ, “ಏನಮ್ಮಾ, ಪಂಕ್ತೀಲಿ ಕೂತು ಪಾಯಸ ಕೇಳ್ತಾ ಇದೀಯಾ?” ಅನ್ನುತ್ತಿದ್ದರು.

ನನಗೇನೂ ಇದು ಹೊಸದಲ್ಲ. ನನ್ನನ್ನು ಸಾಕಿದ ಅಜ್ಜಿಯೂ ಹಾಗೆಯೇ. ಉಣ್ಣುವವರು ಬಾಯಿಬಿಟ್ಟು ಕೇಳಿದರೆ ಬಡಿಸುವವರಿಗೆ ಬೈಗುಳ ಬೀಳುತ್ತಿತ್ತು. ಹೀಗಾಗಿ ಆ ಕಾಲೇಜಿನಲ್ಲಿ ಆಡಿದ ಮೂರು ವರ್ಷ, ಆಮೇಲೆ ಅದೇ ಸಾರ್ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದ ಹದಿನಾರು ವರ್ಷ, ನಾನು ಯಾರಲ್ಲೂ ಏನನ್ನೂ ಕೇಳಲಿಲ್ಲ.

ಮಂಡಿ ಸವೆದು ಸಾರ್ ನಿವೃತ್ತಿಯ ಮಾತೆತ್ತಿದಾಗಲೂ ಕೇಳಲಿಲ್ಲ. ಖಾಲಿ ಜಾಗಕ್ಕೆ ಓಡಿ ನಿಂತೆ. ಹುಡುಗರ ಪ್ರಾಕ್ಟೀಸು, ಹುಡುಗಿಯರ ಪ್ರಾಕ್ಟೀಸು ಎರಡನ್ನೂ ನಡೆಸಿದೆ. ಮಳೆ ಬಂದ ದಿನ ಗೋಣಿಚೀಲ ಹಿಡಿದು ಅಂಗಳದ ನೀರು ಒರೆಸಿದೆ. ‘ತಗೋ’ ಅನ್ನುತ್ತಾರೆಂದು ಕಾದೆ.

ಒಂದು ಬೆಳಿಗ್ಗೆ ಚಂದ್ರಾ ಲೇಔಟಿನ ದರ್ಶಿನಿಯಲ್ಲಿ ಬೈ-ಟು ಕಾಫಿ ಕುಡಿಯುತ್ತಾ ಸಾರ್ ಹೇಳಿದರು: “ನಾಳೆ ಇಂಟರ್‌ವ್ಯೂ ಕಣಮ್ಮ. ನನ್ನ ಜಾಗಕ್ಕೆ ಮೂರು ಜನ ಬರ್ತಾ ಇದಾರೆ. ಕಮಿಟೀಲಿ ನಾನೂ ಕೂತ್ಕೋತೀನಿ.”

“ಮೂರು ಜನದಲ್ಲಿ ನಾನಿದೀನಾ ಸಾರ್?”

ಬಾಯಿಗೆ ಹೋಗುತ್ತಿದ್ದ ಲೋಟ ಅಲ್ಲೇ ನಿಂತಿತು. “ನೀನು ಅರ್ಜೀನೇ ಹಾಕ್ಲಿಲ್ವಲ್ಲ. ನಿಂಗೆ ಬೇಡವೇನೋ ಅಂದ್ಕೊಂಡೆ.”

“ಕೇಳಬಾರ್ದು ಅಂತ ಕಲಿಸಿದ್ದು ಯಾರು ಸಾರ್?”

“ಅಯ್ಯೋ, ಅದು ಚೆಂಡಿಗೆ ಹೇಳಿದ್ದು ಕಣಮ್ಮ!”

ಅವರ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಸಿಟ್ಟೇ ಹೆಚ್ಚು. ಪಕ್ಕದ ಅಂಗಡಿಯಿಂದ ಹಾಳೆ ತಂದು, ಮೇಜಿನ ಮೇಲಿನ ಸಾಂಬಾರು ಒರೆಸಿ, ನಿಂತೇ ಅರ್ಜಿ ಬರೆದೆ. ಸಾರ್ ಜೇಬಿನಿಂದ ಪೆನ್ನು ತೆಗೆದರು. “ನನ್ನ ಹತ್ರ ಇದೆ” ಅಂದೆ.

ಮರುದಿನ ಯಾರೂ ಕರೆಯದಿದ್ದರೂ ಕಮಿಟಿ ಕೂತಿದ್ದ ಕೋಣೆಗೆ ಹೋದೆ. ಪ್ರಿನ್ಸಿಪಾಲರು ಅರ್ಜಿ ತಿರುವಿ ನೋಡಿದರು. “ಕೊನೇ ತಾರೀಖು ಮುಗ್ದೋಯ್ತಲ್ಲಮ್ಮ.”

“ಮುಗ್ದಿದೆ ಸಾರ್. ಆದ್ರೂ ಕೇಳ್ತಾ ಇದೀನಿ. ಕೋಚ್ ಕೆಲಸ ನನಗೆ ಕೊಡಿ.”

ಆಡಳಿತ ಮಂಡಳಿಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡರು. “ಹುಡುಗರ ಟೀಮೂ ಇದೆಯಲ್ಲ. ಹೆಂಗಸು ಹೇಳಿದ್ರೆ ಅವರು ಕೇಳ್ತಾರಾ?”

“ಹದಿನಾರು ವರ್ಷದಿಂದ ಕೇಳ್ತಾನೇ ಇದಾರೆ. ಇಷ್ಟು ದಿನ ಕೇಳದೇ ಇದ್ದವಳು ನಾನೊಬ್ಬಳೇ.”

ಮೂಲೆಯಲ್ಲಿದ್ದ ಸಾರ್ ಕೆಮ್ಮಿದರು. “ಇವಳ ಹೆಸರು ನಾನೇ ಹೇಳ್ಬೇಕಿತ್ತು. ತಪ್ಪು ನಂದು” ಅಂದರು. ನಾನು ಅಲ್ಲಗಳೆಯಲಿಲ್ಲ.

ವಾರ ಕಳೆದು ಕಮಿಟಿಯವರೇ ಕರೆಸಿದರು. “ಕೆಲಸ ನಿಮಗೇ. ಆದ್ರೆ ಒಂದು ವರ್ಷ ನೋಡೋಣ” ಅಂದರು ಅದೇ ಹಿರಿಯರು.

“ನೋಡಿ ಸಾರ್. ಆದ್ರೆ ಇಲ್ಲಿ ಕೂತಲ್ಲ. ಸಂಜೆ ನಾಲ್ಕೂವರೆಗೆ ಅಂಗಳಕ್ಕೇ ಬಂದು ನೋಡಿ.”

ಅವತ್ತು ಅವರು ಬರಲಿಲ್ಲ, ಸಾರ್ ಬಂದರು. ಚೆಂಡಿನ ಕೋಣೆಯ ಬೀಗದಕೈ ಅವರ ಬೆರಳಿನಲ್ಲಿ ನೇತಾಡುತ್ತಿತ್ತು. ಅವರು ಬಾಯಿ ತೆರೆಯುವ ಮೊದಲೇ ಕೈ ಚಾಚಿದೆ. “ಕೊಡಿ ಸಾರ್.”

ಆಟ ಶುರುವಾಯಿತು. ಈ ವರ್ಷ ಸೇರಿದ ಹುಡುಗಿಯೊಬ್ಬಳು ರಿಂಗಿನ ಕೆಳಗೆ ಒಂಟಿಯಾಗಿ ನಿಂತು ಕಾಯುತ್ತಿದ್ದಳು. ಯಾರೂ ಅವಳತ್ತ ನೋಡುತ್ತಿರಲಿಲ್ಲ.

“ಬಾಯಿಲ್ವೇನೇ ನಿಂಗೆ? ಕೇಳೇ!” ಎಂದು ಕೂಗಿದೆ.

ಎಲ್ಲರೂ ನಿಂತಲ್ಲೇ ನಿಂತರು. ಗೆರೆಯಾಚೆ ಕುರ್ಚಿ ಹಾಕಿಕೊಂಡು ಕೂತಿದ್ದ ಸಾರ್ ಕಡೆ ನಾನು ತಿರುಗಲಿಲ್ಲ.

“ಕೊಡೇ” ಅಂದಳು ಅವಳು, ಕೇಳಿಯೂ ಕೇಳದ ಹಾಗೆ.

“ಜೋರಾಗಿ!” ಅಂದೆ.