ಬೋಗುಣಿಯೊಳಗಿನ ಭಾಗ್ಯ

ಸರ್ಕಾರಿ ನೌಕರರಂತೆ ಮನೆಯ ಸಾಮಾನುಗಳಿಗೂ ವರ್ಗಾವಣೆಯ ಯೋಗವಿರುತ್ತದೆಂಬ ಸತ್ಯ ನನಗೆ ತಿಳಿದದ್ದು ಕಗ್ಗದಾಸಪುರಕ್ಕೆ ಬಾಡಿಗೆಗೆ ಬಂದ ಮೇಲೆ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ನಮ್ಮ ವಾಸ್ತುಶಾಸ್ತ್ರಕ್ಕೆ ಚೀನಾದಿಂದ ಬಂದ ಅದರ ದಾಯಾದಿಯೂ ಜೊತೆಯಾಗಿ, ನಮ್ಮ ಬೀದಿಯ ಯಾವ ಮನೆಯಲ್ಲೂ ಯಾವ ವಸ್ತುವೂ ಹಿಂದಿನ ವಾರ ಇದ್ದಲ್ಲಿ ಇರುತ್ತಿರಲಿಲ್ಲ. ನೈಋತ್ಯದ ಬೀರು ವಾಯವ್ಯಕ್ಕೆ ಹೋಗುತ್ತಿತ್ತು, ವಾಯವ್ಯದ ಮಂಚ ದಿಕ್ಕೆಟ್ಟು ನಡುಮನೆಯಲ್ಲಿ ನಿಲ್ಲುತ್ತಿತ್ತು. ಕಾಫಿಗೆ ಕರೆದವರ ಮನೆಯಲ್ಲಿ ಹಳೆಯ ನೆನಪಿನಿಂದ ಕುರ್ಚಿಯಿದ್ದೆಡೆ ಕೂರಲು ಹೋದರೆ ಅದೃಷ್ಟದ ಬಿದಿರಿನ ಮೇಲೆ ಕೂರುವ ಅಪಾಯವಿತ್ತು. ಈ ಸ್ಥಾನಪಲ್ಲಟಗಳ ನಡುವೆಯೂ ಅಚಲವಾಗಿ ಉಳಿದದ್ದು ಒಂದೇ: ಉತ್ತರ ದಿಕ್ಕಿನಲ್ಲಿ ನೀರು ತುಂಬಿದ ಬಟ್ಟಲು, ಅದರೊಳಗೊಂದು ಆಮೆ. ಹಿತ್ತಾಳೆಯದೋ ಗಾಜಿನದೋ ಅವರವರ ಶಕ್ತ್ಯನುಸಾರ.

ನಾನು ಧಾರವಾಡದವಳು. ಇಂದಿರಾನಗರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆನಾದ್ದರಿಂದ, ಕೇಳಿದವರಿಗೂ ಕೇಳದವರಿಗೂ ಉಪನ್ಯಾಸ ಕೊಡುವುದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು. ನನ್ನ ಮನೆಯೊಡತಿ ಜಯಮ್ಮನವರು ಊರಿನ ಹಳೆಯ ಒಕ್ಕಲು ಮನೆತನದವರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಬೆಳೆಸಿದ್ದರು. ಅವರು ಮಾಡುವುದೆಲ್ಲ ಧಾರಾಳ. ಆದ್ದರಿಂದ ಹಿತ್ತಾಳೆಯ ಆಮೆಯಿಂದ ಅವರಿಗೆ ತೃಪ್ತಿಯಾಗಲಿಲ್ಲ. ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಜೀವಂತ ಆಮೆಯನ್ನೇ ತಂದು, ಅಗಲವಾದ ಬೋಗುಣಿಗೆ ನೀರು ತುಂಬಿ, ಅದರಲ್ಲಿ ಪ್ರತಿಷ್ಠಾಪಿಸಿಬಿಟ್ಟರು.

ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರಗಳನ್ನು ಹೊತ್ತ ಆ ಪುಟ್ಟ ಜೀವವನ್ನು ನೋಡಿದೊಡನೆ ನನಗೆ ಗುರುತು ಸಿಕ್ಕಿತು. ಅದು ನಕ್ಷತ್ರ ಆಮೆ. ಕುರುಚಲು ಕಾಡಿನ ಒಣನೆಲದಲ್ಲಿ ಹುಲ್ಲು ಮೇಯ್ದುಕೊಂಡಿರುವ ಪ್ರಾಣಿ. ಅಂದಚಂದದ ಕಾರಣಕ್ಕೇ ಕಳ್ಳಸಾಗಣೆಯವರ ಪಾಲಾಗಿ, ತನ್ನ ನೆಲದಿಂದ ಮಾಯವಾಗುತ್ತಿರುವ ವಂಶ. ಅದನ್ನು ಸಾಕುವುದೇ ಕಾನೂನಿಗೆ ವಿರುದ್ಧ. ನೀರಿನಲ್ಲಿಡುವುದಂತೂ ಒಂಟೆಯನ್ನು ಕೆರೆಯಲ್ಲಿ ಕಟ್ಟಿಹಾಕಿದಂತೆ.

"ಅಲ್ರೀ ಜಯಮ್ಮಾರ, ಇದು ನೆಲದ ಮ್ಯಾಲ ಓಡ್ಯಾಡೂ ಆಮಿರೀ. ನೀರಾಗ ಇಟ್ರ ಸಾಯ್ತದ," ಎಂದೆ.

"ಆಮೆ ಅಂದ್ಮೇಲೆ ನೀರಲ್ಲಿರ್ದೆ ಮಾವಿನ ಮರದ ಮೇಲಿರ್ತದಾ ಮೇಡಂ?" ಎಂದು ಅವರು ನಕ್ಕುಬಿಟ್ಟರು.

ಆ ನಗುವಿಗೆ ಬೇಗನೇ ಬಲವಾದ ಆಧಾರವೂ ಸಿಕ್ಕಿತು. ಅವರ ಮಗಳು ಮಂಜುಳಾಗೆ ಬಂದ ಸಂಬಂಧಗಳೆಲ್ಲ ಉಪ್ಪಿಟ್ಟು ಕೇಸರಿಬಾತಿನ ಹಂತ ದಾಟದೆ ಮುರಿದುಬೀಳುತ್ತಿದ್ದವು. ಆಮೆ ಮನೆಗೆ ಬಂದ ವಾರದೊಳಗೆ ಹೊಸಕೋಟೆಯ ಸಂಬಂಧವೊಂದು ಕುದುರಿ, ನಿಶ್ಚಿತಾರ್ಥವೂ ನಡೆದುಹೋಯಿತು. ಇಂಥ ಪ್ರತ್ಯಕ್ಷ ಪ್ರಮಾಣದೆದುರು ನನ್ನ ಜೀವಶಾಸ್ತ್ರ ಯಾವ ಲೆಕ್ಕ! ಶುಕ್ರವಾರ ಆಮೆಗೆ ಪಾಯಸ, ಉಳಿದ ದಿನ ಕಡ್ಲೆಪುರಿ. ಮದುವೆ ಮುಗಿಯುವ ತನಕ ಅದು ಆ ಬೋಗುಣಿ ಬಿಟ್ಟು ಕದಲಕೂಡದೆಂಬುದು ಗೃಹಶಾಸನ.

ಆಮೆ ಮಾತ್ರ ದಿನದಿನಕ್ಕೆ ಸೊರಗಿತು. ಕಣ್ಣು ಊದಿ ಮುಚ್ಚಿಕೊಂಡವು, ಮೂಗಿನಲ್ಲಿ ಗುಳ್ಳೆಗಳೆದ್ದವು. ತಪಸ್ಸಿಗೆ ಕೂತಿದೆ ಎಂದರು ಜಯಮ್ಮ. ಆದರೆ ಹಾಗೆನ್ನುವಾಗ ಅವರ ದನಿಯಲ್ಲಿ ಮೊದಲಿನ ಕಸುವಿರಲಿಲ್ಲ.

ಇಲ್ಲಿ ನನ್ನದೊಂದು ತೊಡಕನ್ನು ಓದುಗರ ಮುಂದಿಡಬೇಕು. ಆಮೆಯನ್ನು ಉಳಿಸಬಲ್ಲ ಜಾಗವೆಂದರೆ ನಗರದ ಅಂಚಿನಲ್ಲಿದ್ದ ಮೃಗಾಲಯವೊಂದೇ. ನಾನೋ ಮೃಗಾಲಯಗಳ ಕಡುವೈರಿ. ಶಾಲೆಯ ಪ್ರವಾಸದಲ್ಲಿ ಕಂಡ ಕರಡಿಯೊಂದು ಕಂಬಿಯ ಹಿಂದೆ ನಿಂತಲ್ಲೇ ಎಡಕ್ಕೂ ಬಲಕ್ಕೂ ತಲೆ ತೂಗುತ್ತಿತ್ತು. ನಿಮ್ಮನ್ನು ನೋಡಿ ಕುಣಿಯುತ್ತಿದೆ ಎಂದು ನಮ್ಮ ಮಾಸ್ತರರು ಹೇಳಿದರು, ನಾವು ಚಪ್ಪಾಳೆ ತಟ್ಟಿದೆವು. ಅದು ಕುಣಿತವಲ್ಲ, ಬಂಧನದ ಬೇಸರಕ್ಕೆ ಹಿಡಿದ ಹುಚ್ಚು ಎಂದು ದೊಡ್ಡವಳಾದ ಮೇಲೆ ಓದಿ ತಿಳಿದೆ. ಅಂದಿನಿಂದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪಂಜರಗಳ ವಿರುದ್ಧ ನಾನು ಮಾಡಿದ ಗರ್ಜನೆಯನ್ನು ಕೇಳಿದ್ದರೆ ಸಿಂಹಗಳೂ ನಾಚಿಕೊಳ್ಳುತ್ತಿದ್ದವು. ಕಾಡನ್ನು ಕಡಿದು, ಅಳಿದುಳಿದ ಜೀವಗಳನ್ನು ಕಂಬಿಯ ಹಿಂದೆ ಕೂಡಿ, ಅದಕ್ಕೆ ಸಂರಕ್ಷಣೆಯೆಂದು ಹೆಸರಿಡುವುದು ಯಾವ ನ್ಯಾಯ? ಈ ಪ್ರಶ್ನೆ ನನಗೆ ಈಗಲೂ ಸರಿಯೆನಿಸುತ್ತದೆ. ಆದರೆ ಮೂಗಿನಲ್ಲಿ ಗುಳ್ಳೆಯೆದ್ದ ಆಮೆಗೆ ಪ್ರಶ್ನೆಯಿಂದ ಪ್ರಯೋಜನವಿಲ್ಲ, ಔಷಧ ಬೇಕು.

ವಿಜ್ಞಾನ ಸೋತಲ್ಲಿ ನಾನು ಅಪಶಕುನದ ಮೊರೆಹೊಕ್ಕೆ. ಮದುವೆಗೆ ಮುಂಚೆ ಆಮೆ ಮನೆಯಲ್ಲೇ ಸತ್ತರೆ ಗಂಡಿನ ಕಡೆಯವರು ಏನೆಂದಾರು ಎಂದು ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. ಜಯಮ್ಮ ಎದ್ದು ಒಳಗೆ ಹೋದರು. ನನ್ನ ಚಾಣಾಕ್ಷತೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಮರುದಿನ ಬೆಳಿಗ್ಗೆ ಅವರು ನನ್ನ ಬಾಗಿಲಲ್ಲಿ ನಿಂತಿದ್ದರು. ಕಂಕುಳಲ್ಲಿ ಬಿದಿರಿನ ಬುಟ್ಟಿ, ಬುಟ್ಟಿಯಲ್ಲಿ ಹಳೆಯ ಸೀರೆಯ ಮೆತ್ತೆ, ಮೆತ್ತೆಯ ಮೇಲೆ ಒರೆಸಿ ಒಣಗಿಸಿದ ಆಮೆ.

"ನೀವು ಯೋಳಿದ್ದಕ್ಕಲ್ಲ ಮೇಡಂ," ಎಂದರು. "ಬೆಳಿಗ್ಗೆ ಎತ್ಕೊಂಡೆ, ಕೈಯಾಗೆ ನಡುಗ್ತಾ ಇತ್ತು. ನಮ್ ಮಗಳು ಚೆನ್ನಾಗಿರ್ಲಿ ಅಂತ ಇನ್ನೊಂದು ಜೀವಾನ ಸಾಯಿಸಕ್ಕಾಯ್ತದಾ? ಲಗ್ನ ನಿಲ್ಲೋದಾದ್ರೆ ನಿಲ್ಲಲಿ. ಆಟೋ ಕರೀರಿ."

ನನ್ನ ಚಾಣಾಕ್ಷತೆ ಅಲ್ಲೇ ಮುಖ ಮುಚ್ಚಿಕೊಂಡಿತು. ದಾರಿಯುದ್ದಕ್ಕೂ ರಸ್ತೆಯ ಪ್ರತಿ ಹಳ್ಳಕ್ಕೂ ಜಯಮ್ಮ ಬುಟ್ಟಿಯನ್ನು ಮೇಲಕ್ಕೆತ್ತಿ ಹಿಡಿಯುತ್ತಿದ್ದರು. ನಾನು ಜಯಮ್ಮನವರನ್ನು ಹಿಡಿದುಕೊಂಡಿದ್ದೆ.

ಮೃಗಾಲಯದ ಹಿಂಭಾಗದ ಆಸ್ಪತ್ರೆಯಲ್ಲಿ ಪಶುವೈದ್ಯೆಯೊಬ್ಬರು ಕೈಚಾಚಿದಾಗ, ಅಚ್ಚರಿಯೆಂದರೆ, ಬುಟ್ಟಿ ಬಿಡಲು ಹಿಂಜರಿದವಳು ನಾನು. ಬೋಗುಣಿಯಿಂದ ಬಿಡಿಸಿ ಪಂಜರಕ್ಕೆ ಒಪ್ಪಿಸುವುದಾದರೆ ಈ ಪ್ರಾಣಿಗೆ ನಾನು ಮಾಡಿದ ಉಪಕಾರವಾದರೂ ಏನು? ಇದು ಇನ್ನೆಂದೂ ಇಲ್ಲಿಂದ ಹೊರಗೆ ಹೋಗುವುದಿಲ್ಲವೇ ಎಂದು ಕೇಳಿದೆ.

"ಸುಳ್ಳು ಹೇಳಲ್ಲ ಮೇಡಂ," ಎಂದರು ಆಕೆ. "ಕೆಲವು ಇಲ್ಲೇ ಉಳೀತಾವೆ. ಹುಷಾರಾಗಿ, ಸೋಂಕಿಲ್ಲ ಅಂತ ಗ್ಯಾರಂಟಿ ಆದವನ್ನ ವಾಪಸ್ ಕಾಡಿಗೆ ಬಿಡ್ತೀವಿ. ಹಾಗೆ ಬಿಡೋ ದಿನಾನೇ ನಮಗೆ ಹಬ್ಬ."

ಅಂಗಳದಲ್ಲಿ ಕಳ್ಳಸಾಗಣೆಯವರ ಸೂಟ್‌ಕೇಸುಗಳಿಂದ ಬಿಡಿಸಿ ತಂದ ಇದೇ ಜಾತಿಯ ಆಮೆಗಳು ಬಿಸಿಲು ಕಾಯಿಸುತ್ತಿದ್ದವು. ಮೃಗಾಲಯದ ಯೋಗ್ಯತೆಯನ್ನು ಜನ ಟಿಕೆಟ್ ಕೊಂಡು ಒಳಬರುವ ಮುಂಬಾಗಿಲಲ್ಲಿ ನಿಂತು ಅಳೆಯುವುದು ತಪ್ಪು, ಪ್ರಾಣಿಗಳು ಹೊರಟುಹೋಗುವ ಹಿಂಬಾಗಿಲಲ್ಲಿ ನಿಂತು ಅಳೆಯಬೇಕು ಎಂದು ನನಗೆ ಹೊಳೆದದ್ದು ಅಲ್ಲಿ. ಹಿಂಬಾಗಿಲಿಲ್ಲದ ಮೃಗಾಲಯಗಳ ಮೇಲಿನ ನನ್ನ ಕೋಪವನ್ನು ಹಾಗೆಯೇ ಜೋಪಾನವಾಗಿಟ್ಟುಕೊಂಡು, ಬುಟ್ಟಿಯನ್ನು ಆಕೆಯ ಕೈಗಿತ್ತೆ.

ಮದುವೆ ನಿಲ್ಲಲಿಲ್ಲ. ಹಲಸೂರಿನ ಛತ್ರದಲ್ಲಿ ವೈಭವದಿಂದಲೇ ನಡೆಯಿತು. ಊಟದ ಪಂಕ್ತಿಯಲ್ಲಿ ಜಯಮ್ಮ ಎಲೆಯಿಂದೆಲೆಗೆ ನಡೆದು ಎಲ್ಲರಿಗೂ ಕೇಳುವಂತೆ ಸಾರಿದರು: "ಆಮೆ ಮನೇಲಿದ್ದಾಗ ಬರೀ ನಿಶ್ಚಿತಾರ್ಥ ಆಯ್ತು. ಬಿಟ್ಮೇಲೆ ನೋಡಿ, ಮದ್ವೇನೇ ಆಯ್ತು!" ಈ ತರ್ಕವನ್ನು ಖಂಡಿಸಲು ಬಾಯಿ ತೆರೆದ ನಾನು, ಅದರಲ್ಲಿ ಹೋಳಿಗೆ ತುಂಬಿಕೊಂಡೆ. ಮಂಜುಳಾಳ ನಿಶ್ಚಿತಾರ್ಥ ಕಂಡು ತಾವೂ ಆಮೆ ತಂದುಕೊಂಡಿದ್ದ, ನನ್ನ ಉಪನ್ಯಾಸಗಳಿಗೆ ಅಲುಗಾಡದ ಅವರ ನೆಂಟರು ಈ ತರ್ಕಕ್ಕೆ ಅಲುಗಾಡಿದರು; ಅವರ ಮನೆಗಳಿಂದ, ಹೊರಮಾವಿನಿಂದ ಒಂದು, ಕಮ್ಮನಹಳ್ಳಿಯಿಂದ ಇನ್ನೊಂದು ಎಂದು ಜೀವಂತ ಆಮೆಗಳು ಮೃಗಾಲಯದ ದಾರಿ ಹಿಡಿದವು. ಬೋಗುಣಿಗಳು ಅಡುಗೆಮನೆಗೆ ಮರಳಿ ಹಿಟ್ಟು ನಾದುವ ತಮ್ಮ ಮೂಲ ವೃತ್ತಿಗೆ ಹಾಜರಾದವು.

ಇತ್ತ ಜಯಮ್ಮ ವಾರವಾರವೂ ಆಸ್ಪತ್ರೆಗೆ ಫೋನು ಮಾಡಿ ಆಮೆಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಕಣ್ಣು ಬಿಟ್ಟಿತಂತೆ, ಸೊಪ್ಪು ತಿಂದಿತಂತೆ, ತೂಕ ಬಂತಂತೆ ಎಂಬ ವರ್ತಮಾನಗಳು ಮೆಟ್ಟಿಲೇರಿ ನನ್ನ ಮನೆಗೂ ತಲುಪುತ್ತಿದ್ದವು. ಮುಂದಿನ ಮಳೆಗಾಲ ಮುಗಿದ ಮೇಲೆ, ಗುಣವಾದ ಆಮೆಗಳನ್ನು ಕೋಲಾರದ ಕಡೆಯ ಕುರುಚಲು ಕಾಡಿಗೆ ಬಿಡುವ ದಿನ ಬಂದಾಗ, ಈ ಫೋನುಗಳಿಗೆ ಸೋತೋ ಮೆಚ್ಚಿಯೋ ಡಾಕ್ಟರು ನಮ್ಮಿಬ್ಬರನ್ನೂ ಜೊತೆಗೆ ಕರೆದೊಯ್ದರು.

ಕುರುಚಲು ಗಿಡಗಳ ಮಧ್ಯೆ ಜಯಮ್ಮ ಮಂಡಿಯೂರಿ ತಮ್ಮ ಆಮೆಯನ್ನು ಕೆಂಪು ನೆಲಕ್ಕಿಳಿಸಿದರು. ತಲೆ ಒಳಗೆಳೆದುಕೊಂಡ ಅದು ಕಲ್ಲಿನಂತೆ ಕೂತಿತು. ನಾವೂ ಹಾಗೆಯೇ ಕೂತೆವು. ಆಮೇಲೆ ಮೆಲ್ಲನೆ ಮೂತಿ ಬಂತು, ಕಾಲು ಬಂತು. ಪಕ್ಕದ ಹುಲ್ಲಿನೆಸಳೊಂದನ್ನು ಕಚ್ಚಿ ಎಳೆದು, ಅಗಿದು, ತನ್ನ ಹಿರಿಯರ ಆಸ್ತಿಯನ್ನು ಕೋರ್ಟಿನಲ್ಲಿ ಗೆದ್ದು ಬಂದವರ ಠೀವಿಯಲ್ಲಿ ಅದು ನಡೆಯತೊಡಗಿತು. ನನಗೆ ಕುಣಿಯಬೇಕೆನಿಸಿತು. ಕಣ್ಣು ತುಂಬಿದ್ದರಿಂದ ದಾರಿ ಕಾಣದೆ ಕುಣಿಯಲಿಲ್ಲ, ಅಷ್ಟೆ.

ಮನೆಯಿಂದ ಹೊರಡುವವರಿಗೆ ನಮ್ಮಲ್ಲಿ ಯಾರೂ ಹೋಗು ಎನ್ನುವುದಿಲ್ಲ; ಅದು ಅಶುಭ. ಜಯಮ್ಮನೂ ರೂಢಿಯಂತೆ ಕೈಯೆತ್ತಿ, "ಹೋಗಿ ಬಾರವ್ವಾ," ಎಂದರು. ಎಂದವರು ಬೆಚ್ಚಿ ನಾಲಿಗೆ ಕಚ್ಚಿಕೊಂಡು, ಎದ್ದು ನಿಂತು, ಆ ಬಯಲಿಗೆಲ್ಲ ಕೇಳುವಂತೆ ಕೂಗಿದರು:

"ಬರ್ಬೇಡ ಕಣೇ! ಹೋಗು!"